ಹುಟ್ಟುಗುಣವೋ, ಪೆಟ್ಟು ಕಲಿಸಿದ ಗುಣವೋ?

ಹಿಂದಿನ ಸಂಚಿಕೆಯಲ್ಲಿ ಓದುಗರೊಬ್ಬರ ಸಿಡುಕುತನದ ಬಗ್ಗೆ ಉತ್ತರಿಸುವಾಗ, ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯನ್ನು ನಂಬಿ ಕೈಚೆಲ್ಲಬೇಡಿ, ನಾವು ಹುಟ್ಟುಗುಣವೆಂದು ಕರೆಯುವುದರಲ್ಲಿ ಎಷ್ಟೋ ಪಾಲು ಬಾಲ್ಯದಲ್ಲಿ ಪೆಟ್ಟು ತಿಂದು ಕಲಿತದ್ದಾಗಿರುತ್ತದೆ ಎಂದು ಬರೆದಿದ್ದೆ. ಆ ಒಂದು ಸಾಲಿಗೆ ಬಂದ ಪತ್ರಗಳೇ ಈ ಬಾರಿಯ ಅಂಕಣವನ್ನೆಲ್ಲ ತುಂಬಿವೆ. ಪತ್ರಗಳನ್ನು ಮೊಟಕುಗೊಳಿಸಿದ್ದೇನೆ; ಬರೆದವರ ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಪ್ರಶ್ನೆ: ನನಗೆ 34 ವರ್ಷ, ಪ್ರೌಢಶಾಲೆಯಲ್ಲಿ ಶಿಕ್ಷಕಿ. ನಮ್ಮಪ್ಪ ಕುಡಿಯುತ್ತಿದ್ದರು. ರಾತ್ರಿ ಗೇಟಿನ ಚಿಲಕ ಸರಿಯುವ ಸದ್ದಿನಲ್ಲೇ ಅವರು ಕುಡಿದಿದ್ದಾರೋ ಇಲ್ಲವೋ ನನಗೆ ತಿಳಿಯುತ್ತಿತ್ತು. ಒಂದೇ ಸಲಕ್ಕೆ ಸರಿದರೆ ಚಿಂತೆಯಿಲ್ಲ. ಎರಡು ಮೂರು ಸಲ ತಡವರಿಸಿದರೆ ತಮ್ಮನನ್ನು ಎಬ್ಬಿಸಿಕೊಂಡು ಹಿತ್ತಿಲ ಬಚ್ಚಲಿಗೆ ಓಡುತ್ತಿದ್ದೆ. ಕುಡಿಯದ ದಿನ ಅವರಷ್ಟು ಪ್ರೀತಿಯ ಅಪ್ಪ ಊರಿನಲ್ಲೇ ಇರಲಿಲ್ಲ. ಅಮ್ಮ ಮಾತ್ರ, ‘ಇದೆಲ್ಲ ಎಲ್ಲರ ಮನೆಯಲ್ಲೂ ಇದ್ದದ್ದೇ, ಸುಮ್ಮನಿರು’ ಎನ್ನುತ್ತಿದ್ದರು. ಈಗ ನನ್ನ ಯಜಮಾನರು ಒಳ್ಳೆಯವರು. ಆದರೂ ಅವರು ಅರ್ಧ ಗಂಟೆ ತಡ ಮಾಡಿ ಫೋನ್ ಎತ್ತದಿದ್ದರೆ ನನ್ನ ಕೈಕಾಲು ನಡುಗುತ್ತದೆ. ಇಪ್ಪತ್ತು ಮೆಸೇಜು ಕಳಿಸುತ್ತೇನೆ, ಬಂದ ಮೇಲೆ ಬಾಯಿಗೆ ಬಂದಂತೆ ಬೈಯುತ್ತೇನೆ, ಬಿಟ್ಟು ಹೋಗುತ್ತೇನೆ ಎನ್ನುತ್ತೇನೆ, ಕೊನೆಗೆ ಕೈಹಿಡಿದು ಅಳುತ್ತೇನೆ. ಗೆಳತಿಯರ ಜೊತೆಗೂ ಹೀಗೆಯೇ. ಮೊದಲು ದೇವರಂತೆ ಕಾಣುತ್ತಾರೆ, ಒಂದು ಮಾತು ಹೆಚ್ಚುಕಡಿಮೆಯಾದರೆ ಶತ್ರುಗಳಾಗುತ್ತಾರೆ. ಅಂತರ್ಜಾಲದಲ್ಲಿ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಎಂಬುದನ್ನು ಓದಿದಾಗ ನನ್ನನ್ನೇ ನೋಡಿ ಬರೆದಂತಿತ್ತು. ನನಗಿರುವುದು ಅದೇ ಏನು? ಅಪ್ಪನಿಂದ ಬಂದದ್ದೇ? ನಾಲ್ಕು ವರ್ಷದ ಮಗಳಿಗೂ ನನ್ನಿಂದ ಬರುತ್ತದೆಯೇ?
— ಹೆಸರು ಬೇಡ, ಶಿವಮೊಗ್ಗ ಜಿಲ್ಲೆ

ಉತ್ತರ: ಪತ್ರ ನೋಡಿ ರೋಗದ ಹೆಸರು ಹೇಳುವುದು ಸರಿಯಲ್ಲ, ಹೇಳುವುದೂ ಇಲ್ಲ. ನೀವು ಓದಿದ, ಭಾವನೆಗಳೂ ಸಂಬಂಧಗಳೂ ಅತಿರೇಕಗಳ ನಡುವೆ ಹೊಯ್ದಾಡುವ ಆ ಕಾಯಿಲೆಗೆ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಒಂಬತ್ತು ಲಕ್ಷಣಗಳನ್ನು ಕೊಟ್ಟಿದ್ದಾರೆ. ಅವುಗಳಲ್ಲಿ ಕನಿಷ್ಠ ಐದು ಲಕ್ಷಣಗಳು ಹರೆಯದಿಂದಲೂ, ಮನೆ, ಕೆಲಸ, ಸ್ನೇಹ ಎಲ್ಲ ಕಡೆಯೂ ಕಾಣಿಸಿಕೊಂಡು ಬದುಕಿಗೆ ತೊಡಕಾಗಿರಬೇಕು; ಅದನ್ನು ಎದುರಿಗೆ ಕೂರಿಸಿಕೊಂಡು, ಒಂದಕ್ಕಿಂತ ಹೆಚ್ಚು ಸಲ ಮಾತನಾಡಿಯೇ ನಿರ್ಧರಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯಂತೂ 2022ರ ಜನವರಿಯಲ್ಲಿ ಜಾರಿಗೆ ಬಂದ ತನ್ನ ರೋಗಪಟ್ಟಿಯ ಹನ್ನೊಂದನೆಯ ಆವೃತ್ತಿಯಲ್ಲಿ, ವ್ಯಕ್ತಿತ್ವದ ತೊಂದರೆಗಳಿಗಿದ್ದ ಹತ್ತಾರು ಹೆಸರುಗಳನ್ನು ಬಹುಮಟ್ಟಿಗೆ ಕೈಬಿಟ್ಟು, ತೊಂದರೆ ಸೌಮ್ಯವೋ, ಮಧ್ಯಮವೋ, ತೀವ್ರವೋ ಎಂದು ಮೊದಲು ನೋಡಿ ಎಂದಿದೆ. ಬಾರ್ಡರ್‌ಲೈನ್ ಎಂಬುದು ಅಲ್ಲಿ ಪ್ರತ್ಯೇಕ ಕಾಯಿಲೆಯಾಗಿ ಅಲ್ಲ, ಲಕ್ಷಣಗಳು ಕೂಡಿಬರುವ ಒಂದು ಬಗೆಯಾಗಿ ಮಾತ್ರ ಉಳಿದುಕೊಂಡಿದೆ. ‘ವ್ಯಕ್ತಿತ್ವದೋಷ’ ಎಂಬ ಕನ್ನಡ ಪದವನ್ನು ನಾನು ಆದಷ್ಟು ಬಳಸುವುದಿಲ್ಲ. ಕೇಳಿದವರಿಗೆ ಮನುಷ್ಯರೇ ಕೆಟ್ಟವರು ಎಂದಂತಾಗುತ್ತದೆ.

ಹೆಸರಿಗಿಂತ ನಿಮ್ಮ ಪತ್ರದಲ್ಲಿರುವ ಆ ಚಿಲಕದ ಸದ್ದು ನನಗೆ ಮುಖ್ಯ. ಏಳೆಂಟು ವರ್ಷದ ಹುಡುಗಿಯೊಬ್ಬಳು ಕಬ್ಬಿಣದ ಚಿಲಕದ ತಡವರಿಕೆಯಿಂದ ಅಂದಿನ ರಾತ್ರಿಯನ್ನೆಲ್ಲ ಓದಬಲ್ಲವಳಾಗಿದ್ದಳು, ತಮ್ಮನನ್ನೂ ಉಳಿಸಿದಳು. ಅಪಾಯವನ್ನು ಗುರುತಿಸುವ ಅಮಿಗ್ಡಲ ಎಂಬ ಮೆದುಳಿನ ಭಾಗವೂ, ಗಾಬರಿಯ ಹೊತ್ತಿನಲ್ಲಿ ಕಾರ್ಟಿಸಾಲ್ ಮುಂತಾದ ಹಾರ್ಮೋನುಗಳನ್ನು ಸುರಿಸುವ ವ್ಯವಸ್ಥೆಯೂ ಇಂಥ ಮನೆಯಲ್ಲಿ ಬೆಳೆಯುವ ಮಗುವಿನಲ್ಲಿ ಸಣ್ಣ ಸದ್ದಿಗೂ ಎಚ್ಚೆತ್ತುಕೊಳ್ಳುವಂತೆ ಪಳಗುತ್ತವೆ. ಆ ಮನೆಗೆ ಅದು ಬೇಕಾದ ಗುಣವೇ ಆಗಿತ್ತು. ತೊಂದರೆ ಏನೆಂದರೆ ಹುಡುಗಿ ದೊಡ್ಡವಳಾಗಿ, ಮದುವೆಯಾಗಿ, ಮನೆ ಬದಲಾದರೂ ಕಿವಿ ಆ ಹಳೆಯ ಗೇಟಿನ ಬಳಿಯೇ ಕಾದು ಕೂತಿದೆ. ಎತ್ತದ ಫೋನ್ ಈಗ ಅದಕ್ಕೆ ತಡವರಿಸುವ ಚಿಲಕವಾಗಿ ಕೇಳಿಸುತ್ತದೆ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಿಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಕಾದ ಹಾಲಿಗೆ ಬಾಯಿ ಹಾಕಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲಿನ ಬಟ್ಟಲು ಕಂಡರೇ ಓಡುತ್ತಿತ್ತು. ನಾವು ರಾಮಕೃಷ್ಣನ ಚಾಲಾಕಿತನಕ್ಕೆ ನಗುತ್ತೇವೆ. ಬೆಕ್ಕಿನ ಕಡೆಯಿಂದ ಆ ಕಥೆಯನ್ನು ಯಾರೂ ಹೇಳಿದಂತಿಲ್ಲ.

ನಿಮ್ಮ ವಿಷಯದಲ್ಲಿ ಇನ್ನೂ ಒಂದು ಎಳೆಯಿದೆ. ಭಯವಾದಾಗ ಮಗು ಓಡುವುದು ಹೆತ್ತವರ ಮಡಿಲಿಗೆ. ಮಗುವಿನ ಈ ಅಂಟಿಕೊಳ್ಳುವಿಕೆ ಹಸಿವಿನಷ್ಟೇ ಮೂಲಭೂತವಾದದ್ದು ಎಂಬುದನ್ನು ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಕಳೆದ ಶತಮಾನದ ಮಧ್ಯಭಾಗದಿಂದ ಪ್ರತಿಪಾದಿಸುತ್ತ ಬಂದರು. ಹೆದರಿಸುವವರೂ ಸಂತೈಸುವವರೂ ಒಬ್ಬರೇ ಆದಾಗ ಮಗುವಿಗೆ ಹತ್ತಿರ ಹೋಗುವುದೂ ಕಷ್ಟ, ದೂರ ಉಳಿಯುವುದೂ ಕಷ್ಟ. ‘ಬಿಟ್ಟು ಹೋಗುತ್ತೇನೆ’ ಎಂದವರೇ ಹತ್ತು ನಿಮಿಷದಲ್ಲಿ ಕೈಹಿಡಿದು ಅಳುವುದನ್ನು ಮನೆಯವರು ನಾಟಕವೆಂದುಕೊಳ್ಳುತ್ತಾರೆ. ನನಗೆ ಅದರಲ್ಲಿ ಆ ಎರಡು ಕಷ್ಟಗಳ ನಡುವಿನ ಓಡಾಟವೇ ಕಾಣುತ್ತದೆ. ಅದರ ಮೇಲೆ ಅಮ್ಮನ ‘ಎಲ್ಲರ ಮನೆಯಲ್ಲೂ ಇದ್ದದ್ದೇ’ ಎಂಬ ಮಾತು. ಪಾಪ, ಆಕೆಗೂ ಬೇರೆ ದಾರಿ ಇರಲಿಲ್ಲವೇನೋ. ಆದರೆ ಕಣ್ಣಾರೆ ಕಂಡದ್ದನ್ನೇ ದಿನವೂ ಅಲ್ಲಗಳೆಯುವವರ ನಡುವೆ ಬೆಳೆದ ಮಗುವಿಗೆ ತನ್ನ ಸಿಟ್ಟು, ತನ್ನ ದುಃಖ ನಿಜವೋ ಸುಳ್ಳೋ ಎಂಬುದೇ ತಿಳಿಯದೆ ಹೋಗುತ್ತದೆ.

ಅಪ್ಪನಿಂದಲೇ ಬಂತೇ ಎಂದು ಕೇಳಿದ್ದೀರಿ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 97 ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಈ ಕಾಯಿಲೆ ಇರುವವರು ಬಾಲ್ಯದ ಹಿಂಸೆ ಅಥವಾ ನಿರ್ಲಕ್ಷ್ಯವನ್ನು ಹೇಳಿಕೊಳ್ಳುವ ಸಾಧ್ಯತೆ ಕಾಯಿಲೆಯಿಲ್ಲದವರಿಗಿಂತ ಸುಮಾರು 14 ಪಟ್ಟು ಹೆಚ್ಚು. ಶೇಕಡ 71ರಷ್ಟು ಮಂದಿ ಇಂಥ ಒಂದಾದರೂ ಅನುಭವವನ್ನು ಹೇಳಿದ್ದಾರೆ. ಎಂದರೆ, ನೂರಕ್ಕೆ ಸುಮಾರು 29 ಮಂದಿ ಅಂಥದ್ದೇನನ್ನೂ ಹೇಳಿಲ್ಲ. ಹಾಗೆಯೇ, ಪೆಟ್ಟು ತಿಂದು ಬೆಳೆದವರೆಲ್ಲರಿಗೂ ಈ ಕಾಯಿಲೆ ಬರುವುದಿಲ್ಲ. ಅವಳಿಗಳ ಮತ್ತು ಒಡಹುಟ್ಟಿದವರ ಮೇಲಿನ ಅಧ್ಯಯನಗಳು ಸುಮಾರು ಅರ್ಧದಷ್ಟು ಪಾಲನ್ನು ಅನುವಂಶೀಯತೆಗೆ ಕೊಡುತ್ತವೆ. ಬೇಗ ನೊಂದುಕೊಳ್ಳುವ, ಬೇಗ ಕಾವೇರುವ ಮನಸ್ಸನ್ನು ಮಗು ಹುಟ್ಟುತ್ತಲೇ ತಂದಿರಬಹುದು. ಅಂಥ ಮಗು ಅಂಥ ಮನೆಯಲ್ಲಿ ಬೆಳೆದಾಗ ಎರಡೂ ಒಂದನ್ನೊಂದು ಕೆಣಕುತ್ತವೆ.

ವಾಸಿಯಾಗುತ್ತದೆಯೇ ಎಂದು ನೀವು ಕೇಳಿಲ್ಲ, ಬಹುಶಃ ಕೇಳಲು ಹೆದರಿದ್ದೀರಿ. ಬಾಸ್ಟನ್ ಬಳಿಯ ಮೆಕ್ಲೀನ್ ಆಸ್ಪತ್ರೆಯಲ್ಲಿ ದಾಖಲಾಗಿದ್ದ, ಎಂದರೆ ಸಾಕಷ್ಟು ತೀವ್ರವಾಗಿಯೇ ಬಳಲುತ್ತಿದ್ದ 290 ಮಂದಿಯನ್ನು ಮೇರಿ ಜನಾರಿನಿ ಮತ್ತು ಸಂಗಡಿಗರು ಹತ್ತು ವರ್ಷ ಬೆನ್ನುಹತ್ತಿ ನೋಡಿದರು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ಕನಿಷ್ಠ ಎರಡು ವರ್ಷಗಳ ಕಾಲ ರೋಗಲಕ್ಷಣಗಳು ತಗ್ಗಿದ್ದವು. ಆದರೆ ಕೆಲಸ, ಸಂಬಂಧ ಎರಡನ್ನೂ ಸರಿಯಾಗಿ ನಿಭಾಯಿಸುವ ಮಟ್ಟಕ್ಕೆ ಬಂದವರು ಅರ್ಧದಷ್ಟು ಮಾತ್ರ. ನಿಮಗೆ ನೌಕರಿಯಿದೆ, ಸಹಿಸಿಕೊಂಡ ಪತಿಯಿದ್ದಾರೆ, ತಪ್ಪು ಗುರುತಿಸುವ ಕಣ್ಣೂ ಇದೆ. ಕಾಯಿಲೆ ಇದ್ದರೂ ನೀವು ಆ ದಾರಿಯಲ್ಲಿ ಬಹಳ ದೂರ ಬಂದವರೇ. ಈ ಕಾಯಿಲೆಗೆಂದೇ ಇರುವ ಮಾತ್ರೆ ಇಲ್ಲ. ಜೊತೆಗಿರುವ ಖಿನ್ನತೆ, ನಿದ್ರಾಹೀನತೆಗೆ ಔಷಧ ಕೊಡುತ್ತೇವೆ. ಮುಖ್ಯ ಚಿಕಿತ್ಸೆ ಮಾತಿನದು. ಅದರಲ್ಲಿ ಹೆಸರಾದ, ಉಕ್ಕುವ ಭಾವನೆಗಳನ್ನು ನಿಭಾಯಿಸಲು ಕಲಿಸುವ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿಯನ್ನು ರೂಪಿಸಿದ ಮಾರ್ಷಾ ಲಿನೆಹಾನ್, ತಾವೇ ಹದಿಹರೆಯದಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಮಾನಸಿಕ ಆಸ್ಪತ್ರೆಯಲ್ಲಿದ್ದುದನ್ನು 2011ರಲ್ಲಿ ಬಹಿರಂಗವಾಗಿ ಹೇಳಿಕೊಂಡರು.

ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಮೊದಲು ಕಾಣಿರಿ; ಅವರು ಮಾತಿನ ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿಗೋ, ಅಗತ್ಯವಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ಗೋ ಕಳಿಸುತ್ತಾರೆ. ಸಾಯುವ ಯೋಚನೆ ಬಂದ ದಿನ ಕಾಯಬೇಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ಅಷ್ಟರೊಳಗೆ ಮನೆಯಲ್ಲಿ ಒಂದು ಒಪ್ಪಂದ ಮಾಡಿಕೊಳ್ಳಿ: ತಡವಾಗುವುದಾದರೆ ಅವರು ಒಂದು ಸಾಲು ಕಳಿಸಬೇಕು, ಕಳಿಸದಿದ್ದರೆ ನೀವು ಒಂದೇ ಒಂದು ಮೆಸೇಜು ಹಾಕಿ, ಫೋನನ್ನು ಅಡುಗೆಮನೆಯ ಗೂಡಿನಲ್ಲಿಟ್ಟು, ಮುಖಕ್ಕೆ ತಣ್ಣೀರು ಹಾಕಿಕೊಂಡು, ‘ಇದು ಆ ಚಿಲಕವಲ್ಲ’ ಎಂದು ಬಾಯಿಬಿಟ್ಟು ಹೇಳಿಕೊಳ್ಳಬೇಕು. ನಗೆ ಬಂದರೂ ಬರಲಿ.

ಮಗಳಿಗೆ ನಿಮ್ಮ ಸೂಕ್ಷ್ಮ ಸ್ವಭಾವ ಬಂದಿರಬಹುದು, ನಿಮ್ಮ ಬಾಲ್ಯ ಬರಬೇಕಾಗಿಲ್ಲ. ಎಂದೂ ಕೂಗದ ತಾಯಿ ಆಗಬೇಕೆಂದು ಹೊರಡಬೇಡಿ, ಆಗುವುದಿಲ್ಲ. ಕೂಗಿದ ಮೇಲೆ ಅವಳ ಎತ್ತರಕ್ಕೆ ಕೂತು, ‘ಅಮ್ಮ ಜೋರಾಗಿ ಕೂಗಿಬಿಟ್ಟೆ, ನಿನಗೆ ಹೆದರಿಕೆಯಾಯಿತು, ತಪ್ಪು ನಿನ್ನದಲ್ಲ’ ಎಂದು ಹೇಳಿ. ನಿಮಗೆ ಆ ವಯಸ್ಸಿನಲ್ಲಿ ಯಾರೂ ಹೇಳದ ಮಾತು ಅದು.

ಪ್ರಶ್ನೆ: ನಾನು ನಿವೃತ್ತ ಅಧಿಕಾರಿ, ವಯಸ್ಸು 72. ನಮ್ಮ ಕಾಲದಲ್ಲಿ ಮನೆಯಲ್ಲಿ ತಂದೆ, ಶಾಲೆಯಲ್ಲಿ ಮೇಷ್ಟ್ರು, ಇಬ್ಬರ ಕೈಯಲ್ಲೂ ಬೆತ್ತವಿತ್ತು. ನಾವ್ಯಾರೂ ಹಾಳಾಗಲಿಲ್ಲ. ಈಗ ಮೊಮ್ಮಗನಿಂದ ಮೊಬೈಲ್ ಕಿತ್ತುಕೊಂಡರೆ ‘ಟ್ರಾಮಾ’ ಎನ್ನುತ್ತಾನೆ. ನಿಮ್ಮಂಥವರು ಇದಕ್ಕೆಲ್ಲ ಗಾಳಿ ಹಾಕುತ್ತಿಲ್ಲವೇ?
— ಮೈಸೂರು

ಉತ್ತರ: ಮೊಬೈಲಿನ ವಿಷಯದಲ್ಲಿ ನಿಮ್ಮ ಪಕ್ಷ, ಹಿರಿಯರೇ. ಆಘಾತವೆಂಬ ಪದವನ್ನು ಕಂಡಕಂಡಲ್ಲಿ ಚೆಲ್ಲಿದರೆ ನಿಜವಾಗಿ ನೊಂದವರಿಗೆ ಹೇಳಿಕೊಳ್ಳಲು ಪದವೇ ಉಳಿಯುವುದಿಲ್ಲ. ನಿಮ್ಮ ಮೇಷ್ಟರ ಬೆತ್ತಕ್ಕೆ ಒಂದು ಕ್ರಮವಿದ್ದಿರಬೇಕು. ಲೆಕ್ಕ ತಪ್ಪಿದರೆ ಎರಡು ಏಟು ಎಂದು ಮೊದಲೇ ಗೊತ್ತಿತ್ತು, ಮನೆಗೆ ಬಂದರೆ ಕೈಗೆ ಎಣ್ಣೆ ಸವರುವ ಅಜ್ಜಿಯೋ ಅತ್ತೆಯೋ ಇದ್ದರು. ಯಾವಾಗ, ಯಾತಕ್ಕೆ ಬೀಳುತ್ತದೆಂದು ತಿಳಿಯದ ಪೆಟ್ಟು, ಓಡಿಹೋಗಲು ಜಾಗವಿಲ್ಲದ ಮನೆ, ಹೇಳಿಕೊಂಡರೆ ನಂಬದ ಜನ, ಇವು ಮೂರೂ ಕೂಡಿದಾಗ ಆಗುವ ಹಾನಿಯೇ ಬೇರೆ.

‘ನಾವ್ಯಾರೂ ಹಾಳಾಗಲಿಲ್ಲ’ ಎಂಬುದನ್ನು ಮಾತ್ರ ಒಪ್ಪಲಾರೆ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಬೊಜ್ಜಿಗೆ ಚಿಕಿತ್ಸೆ ಕೊಡುತ್ತಿದ್ದ ವಿನ್ಸೆಂಟ್ ಫೆಲಿಟಿ ಎಂಬ ವೈದ್ಯರು, ತೂಕ ಚೆನ್ನಾಗಿ ಇಳಿಯುತ್ತಿದ್ದವರೇ ಚಿಕಿತ್ಸೆಯನ್ನು ನಡುವೆ ಬಿಡುವುದೇಕೆಂದು ವಿಚಾರಿಸಿದಾಗ, ಅವರಲ್ಲಿ ಎಷ್ಟೋ ಮಂದಿ ಬಾಲ್ಯದಲ್ಲಿ ಲೈಂಗಿಕ ಹಿಂಸೆಗೆ ಒಳಗಾದವರೆಂದು ತಿಳಿಯಿತು. ಅಲ್ಲಿಂದ ಹುಟ್ಟಿದ್ದು 1995ರಿಂದ 1997ರವರೆಗೆ 17,000ಕ್ಕೂ ಹೆಚ್ಚು ಮಂದಿಯನ್ನು ಕೇಳಿದ ದೊಡ್ಡ ಅಧ್ಯಯನ. ಅವರು ಬೀದಿಪಾಲಾದವರಲ್ಲ, ಆರೋಗ್ಯ ವಿಮೆಯಿದ್ದ ಮಧ್ಯಮವರ್ಗದವರು, ಬಹಳಷ್ಟು ಜನ ನಡುವಯಸ್ಸು ದಾಟಿದವರು, ನಿಮ್ಮಂತೆಯೇ ಮರ್ಯಾದಸ್ಥರು. ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿ ಹಿಂಸೆ, ನಿರ್ಲಕ್ಷ್ಯ, ಮನೆಯಲ್ಲಿ ಕುಡುಕರು, ಜೈಲಿಗೆ ಹೋದವರು ಮುಂತಾದ ಹತ್ತು ಬಗೆಯ ಕಷ್ಟಗಳಲ್ಲಿ ಒಂದನ್ನಾದರೂ ಕಂಡಿದ್ದರು. 1998ರಲ್ಲಿ ಬಂದ ಮೊದಲ ವರದಿಯ ಪ್ರಕಾರ, ನಾಲ್ಕು ಅಥವಾ ಹೆಚ್ಚು ಬಗೆಯ ಕಷ್ಟ ಕಂಡವರಲ್ಲಿ ಕುಡಿತ, ಮಾದಕವ್ಯಸನ, ಖಿನ್ನತೆ, ಆತ್ಮಹತ್ಯೆಯ ಯತ್ನಗಳ ಅಪಾಯ ಒಂದನ್ನೂ ಕಾಣದವರಿಗಿಂತ 4ರಿಂದ 12 ಪಟ್ಟು ಹೆಚ್ಚಿತ್ತು.

ನಿಮ್ಮ ತರಗತಿಯಲ್ಲಿ ನಲವತ್ತು ಹುಡುಗರಿದ್ದರೆಂದುಕೊಳ್ಳೋಣ. ನಿವೃತ್ತರಾಗಿ ಪತ್ರ ಬರೆಯುವವರನ್ನು ಬಿಟ್ಟು, ಆರನೇ ತರಗತಿಗೇ ಶಾಲೆ ಬಿಟ್ಟವನು, ಕುಡಿದು ಹೋದವನು, ಹೆಂಡತಿಗೆ ಹೊಡೆಯುತ್ತಿದ್ದವನು, ಇವರನ್ನೂ ಒಮ್ಮೆ ನೆನೆಸಿಕೊಳ್ಳಿ. ಬೆತ್ತವೊಂದೇ ಅವರನ್ನು ಹಾಗೆ ಮಾಡಿತು ಎನ್ನಲಾರೆ. ನೀವು ಪೆಟ್ಟು ತಿಂದದ್ದರಿಂದ ಒಳ್ಳೆಯವರಾದಿರೋ, ಪೆಟ್ಟು ತಿಂದೂ ಒಳ್ಳೆಯವರಾದಿರೋ ಎಂಬುದನ್ನೂ ಬೆತ್ತ ಹೇಳಲಾರದು. ಅಂದಹಾಗೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಪ್ರಶ್ನೆ: ನನಗೆ 41, ಬಿಡಿಭಾಗಗಳ ಅಂಗಡಿಯಿದೆ. ನಾನೂ ನನ್ನ ತಮ್ಮನೂ ಒಂದೇ ಅಪ್ಪನ ಬೆಲ್ಟಿನ ಏಟು ತಿಂದು ಬೆಳೆದವರು. ತಮ್ಮ ನಗುನಗುತ್ತ ಸಂಸಾರ ಮಾಡುತ್ತಾನೆ. ನನಗೆ ಯಾರ ಮೇಲೂ ನಂಬಿಕೆಯಿಲ್ಲ. ಗಲ್ಲಾಪೆಟ್ಟಿಗೆಯನ್ನು ದಿನಕ್ಕೆ ಐದು ಸಲ ಎಣಿಸುತ್ತೇನೆ. ಅವ್ವ ಸತ್ತಾಗಲೂ ಅಳು ಬರಲಿಲ್ಲ. ಹೋದ ತಿಂಗಳು ಅಂಗಡಿಯ ಹುಡುಗನಿಗೆ ಹೊಡೆದೆ, ಆಮೇಲೆ ನೋಡಿದರೆ ಲೆಕ್ಕ ಸರಿಯಿತ್ತು. ಒಂದೇ ಮನೆ, ಹೀಗೇಕೆ? ಅಪ್ಪನಿಂದ ಹೀಗಾದೆ ಎಂದಮೇಲೆ ನನ್ನ ತಪ್ಪೇನು?
— ಹುಬ್ಬಳ್ಳಿ

ಉತ್ತರ: ಒಂದೇ ಸೂರಿನಡಿ ಇದ್ದರೂ ಇಬ್ಬರು ಮಕ್ಕಳು ಒಂದೇ ಮನೆಯಲ್ಲಿ ಬೆಳೆಯುವುದಿಲ್ಲ. ಹಿರಿಯ ಮಗನೆಂದು ಬೆಲ್ಟಿಗೆ ಅಡ್ಡ ನಿಂತವರು ನೀವು ಎಂದು ನನ್ನ ಊಹೆ; ತಮ್ಮನಿಗೆ ಆ ಮನೆಯಲ್ಲಿ ಒಬ್ಬ ಅಣ್ಣ ಇದ್ದ, ನಿಮಗಿರಲಿಲ್ಲ. ಹವಾಯಿಯ ಕಾವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಬಡತನ, ಜಗಳ, ಕುಡಿತ, ಹೆತ್ತವರ ಮನೋರೋಗ ಹೀಗೆ ಹಲವು ಕಷ್ಟಗಳ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಪಾಲು ಮಕ್ಕಳು ಸಮರ್ಥರಾಗಿ, ಅಕ್ಕರೆಯುಳ್ಳವರಾಗಿ ಬೆಳೆದರು. ಅವರಿಗೆಲ್ಲ ತಂದೆತಾಯಿಯಲ್ಲದಿದ್ದರೂ ಅಜ್ಜಿ, ಅಕ್ಕ, ನೆರೆಯವರು, ಟೀಚರು, ಯಾರಾದರೂ ಒಬ್ಬರು ಗಟ್ಟಿಯಾಗಿ ಬೆನ್ನಿಗಿದ್ದರು. ನಿಮಗೆ ಇನ್ನೂ ಉಪಯೋಗದ ವಿಷಯವೆಂದರೆ, ಹದಿಹರೆಯದಲ್ಲಿ ದಾರಿ ತಪ್ಪಿದ್ದ ಬಹಳಷ್ಟು ಮಂದಿ ಮೂವತ್ತು, ನಲವತ್ತರ ಹೊತ್ತಿಗೆ ಚೇತರಿಸಿಕೊಂಡಿದ್ದರು. ಮದುವೆ, ನೌಕರಿ, ಓದು ಮುಂದುವರಿಸಿದ್ದು ಇಂಥವು ಅವರಿಗೆ ಎರಡನೆಯ ಅವಕಾಶವಾಗಿದ್ದವು.

ಅಳು ಬಾರದಿರುವುದು ನಿಮಗೆ ಕಲ್ಲೆದೆ ಎಂಬುದಕ್ಕೆ ಸಾಕ್ಷಿಯಲ್ಲ. ಅತ್ತರೆ ಇನ್ನೆರಡು ಬೀಳುವ ಮನೆಯಲ್ಲಿ ಅಳುವನ್ನು ಗಂಟಲಲ್ಲೇ ನುಂಗುವುದನ್ನು ಕಲಿತಿರಿ. ಯಾರನ್ನೂ ನಂಬದಿರುವುದನ್ನು ಕಲಿತದ್ದೂ ಅಲ್ಲಿಯೇ. ಆದರೆ ನಿಮ್ಮ ಕೊನೆಯ ಪ್ರಶ್ನೆಗೆ ಮೆತ್ತಗಿನ ಉತ್ತರ ನನ್ನಲ್ಲಿಲ್ಲ. ಬಾಲ್ಯದಲ್ಲಿ ಹಿಂಸೆ ಅಥವಾ ನಿರ್ಲಕ್ಷ್ಯ ಅನುಭವಿಸಿದ್ದು ನ್ಯಾಯಾಲಯದ ದಾಖಲೆಗಳಲ್ಲಿದ್ದ 908 ಮಂದಿಯನ್ನು ಕ್ಯಾಥಿ ವಿಡಮ್ ಎಂಬ ಅಮೆರಿಕನ್ ವಿಜ್ಞಾನಿ ಬೇರೆ 667 ಮಂದಿಯೊಂದಿಗೆ ಹೋಲಿಸಿ 1989ರಲ್ಲಿ ಪ್ರಕಟಿಸಿದರು. ಮೊದಲ ಗುಂಪಿನವರು ಅಪರಾಧಗಳಲ್ಲಿ ಸಿಕ್ಕಿಬಿದ್ದದ್ದು ಹೆಚ್ಚೇ ಆದರೂ, ಅವರಲ್ಲಿ ಬಹುಪಾಲು ಮಂದಿ ಯಾರಿಗೂ ಕೈಯೆತ್ತಿದ ದಾಖಲೆಯಿಲ್ಲ. ನಿಮ್ಮ ಅಂಗಡಿಯ ಹುಡುಗನಿಗೆ ನಿಮ್ಮ ಅಪ್ಪ ಯಾರೆಂದೇ ಗೊತ್ತಿಲ್ಲ. ಅವನ ಕೆನ್ನೆಯ ಮೇಲಿನ ಏಟು ನಿಮ್ಮದು. ಅವನನ್ನು ಕರೆದು, ಲೆಕ್ಕ ಸರಿಯಿತ್ತು, ನನ್ನದೇ ತಪ್ಪು ಎಂದು ಉಳಿದ ಕೆಲಸಗಾರರ ಎದುರಿಗೇ ಹೇಳಿ. ಗಲ್ಲಾಪೆಟ್ಟಿಗೆಯನ್ನು ಐದರ ಬದಲು ನಾಲ್ಕು ಸಲ ಎಣಿಸಲು ಈ ವಾರ ಯತ್ನಿಸಿ, ಆ ಐದನೆಯ ಸಲ ಎಣಿಸದೆ ಬಿಟ್ಟಾಗ ಮೈಯಲ್ಲಿ ಏನೇನಾಗುತ್ತದೆಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಮನೋವೈದ್ಯರ ಬಳಿಗೆ ಹೋಗಿ. ಚಿಕಿತ್ಸೆ ಅಲ್ಲಿಂದಲೇ ಶುರುವಾಗಬಹುದು. ತಮ್ಮನೊಂದಿಗೆ ಅಪ್ಪನ ವಿಷಯ ಎಂದಾದರೂ ಮಾತನಾಡಿದ್ದೀರಾ? ಅವನಿಗೂ ಹೇಳಲಿಕ್ಕಿರಬಹುದು.

ಪ್ರಶ್ನೆ: ವಯಸ್ಸು 27, ಸಾಫ್ಟ್‌ವೇರ್ ಉದ್ಯೋಗಿ. ಜನರೊಂದಿಗೆ ಬೆರೆಯಲಾರೆ, ಹೊಗಳಿದರೂ ಮುಜುಗರ. ಎಂಟು ವರ್ಷಕ್ಕಿಂತ ಹಿಂದಿನದು ನನಗೆ ಹೆಚ್ಚೇನೂ ನೆನಪಿಲ್ಲ. ಆಗ ಏನೋ ಆಗಿರಬೇಕು, ಸಮ್ಮೋಹನ ಮಾಡಿ ಹೊರತೆಗೆಯುತ್ತೇನೆ ಎಂದು ಒಬ್ಬರು ಹೇಳುತ್ತಿದ್ದಾರೆ. ಹೋಗಲೇ?
— ಬೆಂಗಳೂರು

ಉತ್ತರ: ಬೇಡ. ಮೊದಲ ಮೂರು ವರ್ಷಗಳ ನೆನಪು ಯಾರಿಗೂ ಇರುವುದಿಲ್ಲವೆಂದೇ ಹೇಳಬಹುದು, ಏಳೆಂಟರವರೆಗಿನದು ಎಲ್ಲರಿಗೂ ಅಲ್ಲೊಂದು ಇಲ್ಲೊಂದು ತುಣುಕು. ಸಮ್ಮೋಹನದಲ್ಲಿ ಹುಡುಕಹೊರಟರೆ ಇಲ್ಲದ ನೆನಪೂ ಹುಟ್ಟಿಕೊಳ್ಳುತ್ತದೆ. ಅಮೆರಿಕದ ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ 1995ರಲ್ಲಿ ಪ್ರಕಟಿಸಿದ ಚಿಕ್ಕ ಪ್ರಯೋಗವೊಂದರಲ್ಲಿ, ಬಾಲ್ಯದಲ್ಲಿ ಅಂಗಡಿ ಮಳಿಗೆಯೊಂದರಲ್ಲಿ ಕಳೆದುಹೋಗಿದ್ದಿರಿ ಎಂಬ ಸುಳ್ಳು ಪ್ರಸಂಗವನ್ನು ಹೇಳಿದಾಗ, 24 ಮಂದಿಯಲ್ಲಿ ನಾಲ್ಕನೇ ಒಂದು ಪಾಲು ಜನ ಅದನ್ನು ಪೂರ್ತಿಯಾಗಿಯೋ ಭಾಗಶಃವೋ ‘ನೆನಪಿಸಿಕೊಂಡರು’. ಅದೇ ದಶಕದಲ್ಲಿ ಅಮೆರಿಕದಲ್ಲಿ ಹೀಗೆ ಹೊರತೆಗೆದ ನೆನಪುಗಳ ಮೇಲೆ ಮಕ್ಕಳು ಹೆತ್ತವರ ವಿರುದ್ಧ ಮೊಕದ್ದಮೆ ಹೂಡಿ ಎಷ್ಟೋ ಕುಟುಂಬಗಳು ಒಡೆದವು. ನಿಜವಾಗಿ ಹಿಂಸೆಗೊಳಗಾಗಿಯೂ ದೊಡ್ಡವರಾದ ಮೇಲೆ ಅದನ್ನು ಹೇಳದವರು ಬಹಳ ಮಂದಿ ಇದ್ದಾರೆಂಬುದೂ ಸತ್ಯ. ಆದರೆ ಅದನ್ನು ಬೇರೆಯವರು ನಿಮ್ಮೊಳಗೆ ಊಹಿಸಿ ತುಂಬುವುದು ಚಿಕಿತ್ಸೆಯಲ್ಲ.

ಮುಜುಗರದ ಸ್ವಭಾವ ಆಘಾತವಿಲ್ಲದೆಯೂ ಇರುತ್ತದೆ, ಆಘಾತ ಸಿಗದಿದ್ದರೂ ಅದಕ್ಕೆ ಚಿಕಿತ್ಸೆ ನಡೆಯುತ್ತದೆ. ಯಾರೊಂದಿಗೆ, ಎಂಥ ಸಂದರ್ಭದಲ್ಲಿ, ಏನೆಂದು ಹೆದರುತ್ತೀರಿ ಎಂಬ ಈಗಿನ ಸಂಗತಿಗಳಿಂದಲೇ ಕ್ಲಿನಿಕಲ್ ಸೈಕಾಲಜಿಸ್ಟ್ ಕೆಲಸ ಆರಂಭಿಸುತ್ತಾರೆ. ಹೊಗಳಿದಾಗ ಮುಜುಗರವಾಗುತ್ತದೆ ಎಂದಿರಲ್ಲ, ಇತ್ತೀಚೆಗೆ ಯಾರು, ಯಾವುದಕ್ಕಾಗಿ ಹೊಗಳಿದರು, ನೀವು ಏನು ಉತ್ತರ ಕೊಟ್ಟಿರಿ ಎಂಬುದನ್ನು ಮೊದಲ ಭೇಟಿಗೆ ಹೋಗುವಾಗ ಬರೆದುಕೊಂಡು ಹೋಗಿ.